ಹಿಟ್ಟು ಬರುವ ಮನೆ

ಘಟಪ್ರಭಾದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಮದುವೆ ಹತ್ತಿರ ಬಂದಿದೆ ಎನ್ನುವುದು ಲಗ್ನಪತ್ರಿಕೆಯಿಂದ ಗೊತ್ತಾಗುವುದಿಲ್ಲ, ಹಿಟ್ಟಿನಿಂದ ಗೊತ್ತಾಗುತ್ತದೆ. ಮದುವೆ ಇನ್ನೆರಡು ದಿನವಿದೆ ಎನ್ನುವಾಗ ಆ ಮನೆಯವರು ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬಂದು ಮನೆಮನೆಗೆ ಹಿಟ್ಟು ಹಂಚುತ್ತಾರೆ. ಹಿಟ್ಟು ಪಡೆದ ಮನೆಯ ಹೆಂಗಸರು ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಮದುವೆ ಮನೆಗೆ ಮುಟ್ಟಿಸುತ್ತಾರೆ. ಅಲ್ಲಿ ಪಡಸಾಲೆಯಲ್ಲಿ ಒಂದು ದೊಡ್ಡ ಬುಟ್ಟಿ ಇಟ್ಟಿರುತ್ತಾರೆ. ಎಲ್ಲರ ಮನೆಯ ರೊಟ್ಟಿಯೂ ಅದರಲ್ಲೇ ಬೀಳುತ್ತದೆ. ಇದಕ್ಕೆ ಕೂಲಿಯಿಲ್ಲ, ಉಡುಗೊರೆಯೂ ಇಲ್ಲ. ಇವತ್ತು ಅವರ ಮನೆಯದು, ನಾಳೆ ನಮ್ಮ ಮನೆಯದು, ಅಷ್ಟೆ.

ನಾವು ಈ ಊರಿಗೆ ಬಂದು ಬೇಕರಿ ಹಾಕಿ ಎಷ್ಟೋ ವರ್ಷ ಕಳೆದರೂ ನಮ್ಮ ಮನೆಗೆ ಮಾತ್ರ ಹಿಟ್ಟು ಬಂದಿರಲಿಲ್ಲ.

ನಾವು ಹಾಸನದ ಕಡೆಯವರು. ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಅಲ್ಲೊಬ್ಬ ಹಾಸನದವನ ಬೇಕರಿ ಇರುತ್ತದೆ ಎಂದು ಜನ ನಗುತ್ತಾರೆ. ನಗಲಿ, ಇರುವುದೇ ಹಾಗೆ. ನನ್ನ ಗಂಡನ ಅಣ್ಣ ಒಂದೂರು, ಭಾವಮೈದುನ ಇನ್ನೊಂದೂರು ಹಿಡಿದ ಮೇಲೆ ನಮ್ಮ ಪಾಲಿಗೆ ಘಟಪ್ರಭಾ ಬಂತು. ರೈಲು ನಿಲ್ದಾಣವಿದೆ, ಆಸ್ಪತ್ರೆಯಿದೆ, ಬನ್ನು ಬ್ರೆಡ್ಡು ಖರ್ಚಾಗುತ್ತದೆ ಎಂದು ನನ್ನ ಗಂಡ ಹೇಳಿದರು. ಹತ್ತಿರದ ಗೋಕಾಕದಲ್ಲಿ ಕರದಂಟಿನಂಥ ಕರದಂಟು ಇರುವಾಗ ಇವರು ಕೇಕು ಮಾರಲು ಬಂದಿದ್ದಾರಲ್ಲ ಎಂದು ಮೊದಮೊದಲು ಊರವರೂ ನಕ್ಕರು. ಆಮೇಲೆ ಸಾಯಂಕಾಲದ ಖಾರಾ ಬನ್ನಿಗೆ ಸಾಲು ನಿಂತರು.

ಓಣಿಯವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ನಾಲ್ಕು ಮಾತು ಅಂದು ಸುಮ್ಮನಾಗುತ್ತಿದ್ದೆ. ಆದರೆ ಅವರು ತುಂಬಾ ಒಳ್ಳೆಯವರು. ನಲ್ಲಿ ನೀರು ಬಂದರೆ ಕೂಗಿ ಕರೆಯುತ್ತಿದ್ದರು. ಮಗಳಿಗೆ ಜ್ವರ ಬಂದಾಗ ರಾತ್ರಿ ಪಾಳಿಯಲ್ಲಿ ಕೂತರು. "ರಾಗಿ ಮುದ್ದಿ ನುಂಗೂ ಮಂದಿ ನೀವು, ನಮ್ಮ ಖಾರ ತಡೀತೈತೇನ್ರಿ?" ಎಂದು ಛೇಡಿಸುತ್ತಿದ್ದರು. "ನೀವು ಯಾವ ಪೈಕಿ?" ಎಂದೂ ಬಂದ ಹೊಸದರಲ್ಲೇ ಕೇಳಿದ್ದರು. ನಾನು ಹೇಳಿದೆ. "ಹಂಗಾರ ಛಲೋ ಆತು" ಎಂದರು. ಏನು ಛಲೋ ಆಯಿತು ಎಂದು ನಾನು ಕೇಳಲಿಲ್ಲ, ಅದು ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಓಣಿಯಲ್ಲಿ ನಾನು ನೋಡಿದ ಮೊದಲ ಮದುವೆಗೆ ದೊಡ್ಡದೊಂದು ಕ್ರೀಮ್ ಕೇಕ್ ಕಳಿಸಿದೆ. ಎಲ್ಲರೂ ಹೊಗಳಿದರು. ಕಪಾಟಿನ ಮೇಲೆತ್ತಿ ಇಟ್ಟರು, ಮದುವೆ ಮುಗಿದ ಮೇಲೆ ಮಕ್ಕಳಿಗೆ ಹಂಚಿದರು. ಎರಡನೆಯ ಮದುವೆಗೆ ಇನ್ನೂ ದೊಡ್ಡ ಕೇಕ್ ಕಳಿಸಿದೆ. ಆಗಲೂ ಹಿಟ್ಟಿನ ಬುಟ್ಟಿ ಹೊತ್ತವರು ನಮ್ಮ ಮನೆ ದಾಟಿ ಮುಂದಿನ ಮನೆಗೆ ಹೋದರು. ತಡೆಯಲಾಗದೆ ಕೇಳಿಯೇಬಿಟ್ಟೆ. ಓಣಿಗೆಲ್ಲ ಹಿರಿಯಳಾದ ಮುದುಕಿ, ಎಲ್ಲರೂ ಆಯಿ ಎಂದು ಕರೆಯುವವಳು, ನನ್ನ ಗಲ್ಲ ಹಿಡಿದು ಹೇಳಿದಳು: "ನಿನಗ್ಯಾಕ ತ್ರಾಸ ತಂಗಿ, ನಿನ್ನ ಬೇಕರಿ ಕೆಲಸನ ಹಾಸಿ ಹೊದ್ಯೂವಷ್ಟ ಐತಿ."

ಮನೆಗೆ ಬಂದು ಅತ್ತೆ. ಕೇಕು ಕಳಿಸುವವರು ನೆಂಟರು, ರೊಟ್ಟಿ ಬಡಿಯುವವರು ಮನೆಯವರು. ನನ್ನನ್ನು ಅವರು ನೆಂಟರ ಲೆಕ್ಕದಲ್ಲೇ ಇಟ್ಟಿದ್ದರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನೀರಿಗೆ ಬಂದಾಗಿತ್ತು, ಹಿಟ್ಟಿಗೂ ಬರುತ್ತೇನೆ ಎಂದು ಹಟ ಹಿಡಿದೆ. ನನ್ನ ಹಟ ಎಂಥದ್ದು ಎಂದು ನನ್ನ ಗಂಡನನ್ನು ಕೇಳಬೇಕು.

ರೊಟ್ಟಿ ಬಡಿಯುವುದು ನೋಡಲು ಏನೂ ಅಲ್ಲ. ಕುದಿಯುವ ನೀರು ಹಾಕು, ನಾದು, ತಟ್ಟು, ಹಂಚಿಗೆ ಹಾಕು. ನನ್ನ ರೊಟ್ಟಿ ಮಾತ್ರ ಎತ್ತುವಷ್ಟರಲ್ಲೇ ಹರಿದು ಹೋಳಾಗುತ್ತಿತ್ತು. ಹುಟ್ಟಿದಾಗಿನಿಂದ ಮುದ್ದೆ ತೊಳಸಿದ ಕೈ, ಮದುವೆಯಾದ ಮೇಲೆ ಮೈದಾ ಕಲಸಿದ ಕೈ. ಎಳೆದರೆ ಬರುವ ಹಿಟ್ಟು ಗೊತ್ತು, ಎಳೆದರೆ ಮುನಿಯುವ ಹಿಟ್ಟು ಗೊತ್ತಿಲ್ಲ.

ನನಗೆ ರೊಟ್ಟಿ ಕಲಿಸಿದವಳು ಓಣಿಯ ಕೊನೆಯ ಮನೆಯ ಸೊಸೆ. ಆಸ್ಪತ್ರೆಯಲ್ಲಿ ನರ್ಸ್. ಓಣಿಯಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ತವರು ಹುಕ್ಕೇರಿ ತಾಲೂಕಿನ ಘೋಡಗೇರಿ. ಗಂಡನ ಮನೆಯವರು ತಲೆತಲಾಂತರದಿಂದ ಇದೇ ಊರಿನವರು, ಹಿಂದೆ ಬೇರೆಯವರ ಹೊಲದಲ್ಲಿ ದುಡಿದವರು. ಈಗ ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲಲ್ಲಿ ಸ್ಕೂಟರು. ಡ್ಯೂಟಿ ಮುಗಿಸಿ ಬರುವಾಗ ಬೇಕರಿಯಲ್ಲಿ ಬ್ರೆಡ್ ಕೊಳ್ಳುತ್ತಿದ್ದಳು. ಒಂದು ದಿನ ನನ್ನ ಸುಟ್ಟ ಬೆರಳು ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಬಿದ್ದು ಬಿದ್ದು ನಕ್ಕಳು.

"ರವಿವಾರ ಮನಿಗೆ ಬರ್ರಿ ಅಕ್ಕಾ. ಔಷಧ ಹಚ್ಚೂದು ಬ್ಯಾಡ, ರೊಟ್ಟಿನ ಕಲಿಸ್ತೇನಿ."

ಒಂದು ಮಳೆಗಾಲವಿಡೀ ರವಿವಾರವೆಲ್ಲ ಅವಳ ಅಡುಗೆಮನೆಯಲ್ಲಿ ಕಳೆದೆ. ಅವಳ ಅತ್ತೆ ಒಲೆಯ ಹತ್ತಿರ ಕೂತು ನನ್ನ ಹರಿದ ರೊಟ್ಟಿಗಳನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದರು. "ಅಂಜಬ್ಯಾಡ್ರಿ" ಎನ್ನುತ್ತಿದ್ದಳು ಸೊಸೆ. "ಹಿಟ್ಟಿಗೆ ಗೊತ್ತಾಗತೈತಿ. ಕೈ ಅಂಜತು ಅಂದ್ರ ಅದು ಬಾಯಿ ಬಿಡತೈತಿ." ಹರಿದದ್ದನ್ನೆಲ್ಲ ಪುಂಡಿಪಲ್ಯದ ಜೊತೆ ನಾವೇ ತಿಂದೆವು. ನಕ್ಕಷ್ಟು ನಾನು ಆ ಊರಿನಲ್ಲಿ ಬೇರೆಲ್ಲೂ ನಕ್ಕಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆಯಿ ಕೋಲೂರಿಕೊಂಡು ಒಳಗೆ ಬಂದಳು. ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ನೋಡಿದಳು. ಇಳಿಸಿದ್ದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಆ ವಾರ ಅವಳ ಮೊಮ್ಮಗನ ಮದುವೆಗೆ ಹಿಟ್ಟು ಹಂಚುವಾಗ ಮೊಟ್ಟಮೊದಲ ಬಾರಿಗೆ ಒಂದು ಚೀಲ ನಮ್ಮ ಮನೆಗೂ ಬಂತು.

ಆ ಚೀಲವನ್ನು ದೇವರ ಮುಂದೆ ಇಟ್ಟು ಕೈಮುಗಿದೆ ಎಂದರೆ ನಗುತ್ತೀರಿ. ಇಟ್ಟಿದ್ದು ನಿಜ. ರೊಟ್ಟಿ ಮಾಡಿ, ಉಳಿದ ಹಿಟ್ಟನ್ನು ಕಾಗದದಲ್ಲಿ ಕಟ್ಟಿ ರೊಟ್ಟಿಯ ಜೊತೆ ತಿರುಗಿ ಕೊಟ್ಟೆ. ಬೇಕರಿಯಲ್ಲಿ ಹಿಟ್ಟೆಂದರೆ ತಕ್ಕಡಿ. ತಂದದ್ದೆಷ್ಟು, ಉಳಿದದ್ದೆಷ್ಟು ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಆಯಿಯ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಆ ಪೊಟ್ಟಣ ನೋಡಿ ಹೋ ಎಂದು ನಕ್ಕರು.

"ನಾ ತೂಗಿ ಕೊಟ್ಟಿದ್ನೇನ?" ಆಯಿ ಸಿಟ್ಟಿನಿಂದಲೇ ಕೇಳಿದಳು. "ಕಡಿಮಿ ಬಿದ್ರ ನಿಂದ ಹಾಕಬೇಕು, ಉಳದ್ರ ನೀ ಉಣ್ಣಬೇಕು. ತಿರುಗಿ ಕೊಟ್ರ ನಿಂದೂ ನಮ್ದೂ ಮುಗೀತು ಅಂದಂಗ."

ಪೊಟ್ಟಣ ಹಿಡಿದುಕೊಂಡು ಹೊರಗೆ ಓಡಿದೆ. ನಾಚಿಕೆಯೂ ಆಗಿತ್ತು, ಸಂತೋಷವೂ ಆಗಿತ್ತು. ಮುಗಿಯಬಾರದು ಎಂದು ತಾನೇ ಬೈದದ್ದು! ಈ ಸಂತೋಷವನ್ನು ಹೇಳಿಕೊಳ್ಳಲು ನೆಟ್ಟಗೆ ಸಿಸ್ಟರ್ ಮನೆಗೆ ಹೋದೆ. ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲ ಕೇಳಿ, "ಛಲೋ ಆತ್ರಿ ಅಕ್ಕಾ" ಎಂದಳು.

"ನಿಮ್ಮನೆ ರೊಟ್ಟಿ ಕಳ್ಸಿ ಆಯ್ತಾ?" ಎಂದು ಕೇಳಿದೆ.

"ನಮ್ಮನಿಗೆ ಹಿಟ್ಟ ಬರೂದಿಲ್ಲರಿ."

"ಯಾಕೆ? ಡ್ಯೂಟಿಗೆ ಹೋಗ್ತೀರ ಅಂತಾನಾ?"

ಒದ್ದೆ ಸೀರೆಯನ್ನು ಒಮ್ಮೆ ಜೋರಾಗಿ ಝಾಡಿಸಿದಳು. "ಹೂಂ. ಹಂಗ ಅಂತಾರು. ಸಿಸ್ಟರ್ ಪಾಪ ಡ್ಯೂಟಿ ಮಾಡಿ ದಣದಿರ್ತಾಳ, ಆಕಿಗ್ಯಾಕ ತ್ರಾಸ ಅಂತಾರು. ನಮ್ಮ ಅತ್ತಿಗೂ ಡ್ಯೂಟಿ ಇತ್ತು ಅಂತ ಕಾಣಸತೈತಿ. ಅವರ ಅತ್ತಿಗೂ ಇದ್ದೀತು."

ಒಲೆ ಬಿಟ್ಟು ಬೇರೆ ಡ್ಯೂಟಿ ಕಾಣದ ಅವಳ ಅತ್ತೆ ಒಳಗೆ ಕೆಮ್ಮಿದರು. ನನಗೆ ಹೇಳಿದ್ದ ಅದೇ ನೆಪ, ಅದೇ ಮೃದು ಮಾತು. ನನ್ನ ವಿಷಯದಲ್ಲಿ ರೊಟ್ಟಿ ಉಬ್ಬಿದ ದಿನ ಆ ನೆಪ ಬಿದ್ದುಹೋಯಿತು. ಇವಳ ರೊಟ್ಟಿ ಹುಟ್ಟಿದಾಗಿನಿಂದ ಉಬ್ಬುತ್ತಲೇ ಇದೆ. ಹಾಸನದಿಂದ ನಿನ್ನೆ ಮೊನ್ನೆ ಬಂದ ನನಗೆ ಹಿಟ್ಟು ಬಂತು, ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದವರ ಮನೆಗೆ ಬರಲಿಲ್ಲ. ಅದೂ ಆ ಮನೆಯಲ್ಲೇ ಕಲಿತ ಕೈಗೆ ಬಂತು.

ಗಂಡನಿಗೆ ಹೇಳಿದರೆ ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ನಾವು ಬಂದೋರು. ಬಂದ ಊರಲ್ಲಿ ನ್ಯಾಯ ಹೇಳೋಕೆ ಹೋಗ್ಬೇಡ. ಅಂಗಡಿ ನಡೀಬೇಕು." ಅವರು ಹೇಳಿದ್ದು ಸುಳ್ಳೂ ಅಲ್ಲ. ನಾನೂ ಸುಮ್ಮನಿದ್ದೆ. ಓಣಿಯ ಮದುವೆಗಳಿಗೆ ಹಿಟ್ಟು ಬರುತ್ತಿತ್ತು, ರೊಟ್ಟಿ ಬಡಿಯುತ್ತಿದ್ದೆ. ಆದರೆ ಪ್ರತಿ ಸಲವೂ ನಮ್ಮದೊಂದು ಕಾರ್ಯ ಬರಲಿ, ಆಗ ನೋಡೋಣ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಬಂತು, ಮಗಳ ಮದುವೆಯೇ ಬಂತು. ಗಂಡು ಅರಸೀಕೆರೆ ಕಡೆಯವನು. ಹಾಸನದಲ್ಲೇ ಛತ್ರ ಹಿಡಿದು ಮಾಡಿ ಮುಗಿಸೋಣ ಎಂದು ಗಂಡ ಹೇಳಿದರು. ಮಗಳು ಒಪ್ಪಲಿಲ್ಲ. ಅವಳು ಓದಿದ್ದು, ಆಡಿದ್ದು, ಬೈಯುವುದು ಎಲ್ಲ ಈ ಊರಿನ ಕನ್ನಡದಲ್ಲಿ. "ನಮ್ಮ ಓಣ್ಯಾಗ ಹಂದರ ಹಾಕ್ರಿ" ಎಂದಳು. ನನಗೂ ಅದೇ ಬೇಕಿತ್ತು. ಮೂಡಲಗಿಯಿಂದ ಹಂದರದವರನ್ನು ಕರೆಸಿದೆವು. ತುಕ್ಕಾನಟ್ಟಿಯ ಒಬ್ಬ ರೈತನ ಮನೆಯಿಂದ ಬಿಳಿಜೋಳ ತರಿಸಿ ಬೀಸಿಸಿದೆ. ಚೀಲ ಕಟ್ಟುವಾಗ ತಕ್ಕಡಿ ಮುಟ್ಟಲಿಲ್ಲ, ಬೊಗಸೆಯಲ್ಲೇ ತುಂಬಿದೆ.

ಹಿಟ್ಟು ಹಂಚುವುದು ಆಯಿಯ ಮನೆಯಿಂದ ಶುರುವಾಗುವುದು ವಾಡಿಕೆ. ಆ ದಿನ ನಾನು ಮಗಳನ್ನು ಕರೆದುಕೊಂಡು, ಎಲ್ಲರೂ ಕಟ್ಟೆಯ ಮೇಲೆ ಕೂತಿರುವ ಹೊತ್ತು ನೋಡಿ, ಆಯಿಯ ಮನೆ ದಾಟಿ, ಎಲ್ಲರ ಮನೆ ದಾಟಿ, ಕೊನೆಯ ಮನೆಗೆ ಹೋದೆ. ಹಿಂದೆ ಓಣಿ ಸ್ತಬ್ಧವಾದದ್ದು ನನಗೆ ಗೊತ್ತಾಯಿತು. ಆದರೂ ನಿಲ್ಲಲಿಲ್ಲ.

ಸಿಸ್ಟರ್ ಚೀಲ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ್ರಿ ಅಕ್ಕಾ. ಮಗಳ ಮದುವಿ ಐತಿ. ನಮ್ಮ ಸಲುವಾಗಿ ಕೆಡಸ್ಕೋಬ್ಯಾಡ್ರಿ."

"ನಾನು ಉಪಕಾರ ಮಾಡೋಕೆ ಬಂದಿಲ್ಲ. ರೊಟ್ಟಿ ಕೇಳೋಕೆ ಬಂದಿದೀನಿ."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಎಷ್ಟು ದೂರ ಬರುವವಳು ಎಂದು ಅಳೆಯುತ್ತಿದ್ದಳು ಅನಿಸಿತು. ಆಮೇಲೆ ಚೀಲ ತೆಗೆದುಕೊಂಡಳು. "ಹಂಗಾದ್ರ ಒಂದ ಮಾತ. ನಮ್ಮನಿ ರೊಟ್ಟಿ ಬ್ಯಾರೆ ಬುಟ್ಟ್ಯಾಗ ಇಡಬ್ಯಾಡ್ರಿ. ಹಂಗ ಇಡೂದಿದ್ರ ಈಗ ಒಯ್ರಿ."

"ಇರೋದು ಒಂದೇ ಬುಟ್ಟಿ" ಎಂದೆ.

ಉಳಿದ ಮನೆಗಳಿಗೆ ಹಂಚಿ ನಾನು ಮನೆ ಮುಟ್ಟುವಷ್ಟರಲ್ಲಿ ಆಯಿ ಬಂದು ಕೂತಿದ್ದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮಗಳಿಗೆ ಬುದ್ಧಿ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು.

"ಎರಡ ಬುಟ್ಟಿ ಇಟ್ಟಬಿಡ ತಂಗಿ. ಒಂದು ಒಳಗ, ಒಂದು ಹೊರಗ. ಆಕಿಗೂ ಬ್ಯಾಸರಿಲ್ಲ, ಮಂದಿಗೂ ಬ್ಯಾಸರಿಲ್ಲ."

"ನಮ್ಮ ಬನ್ನು ತಿಂತೀರಲ್ಲ ಆಯಿ, ಆ ಹಿಟ್ಟು ಕಲಸೋ ಹುಡುಗರು ಯಾವ ಪೈಕಿ ಅಂತ ಒಂದಿನ ಆದ್ರೂ ಕೇಳಿದೀರಾ?"

"ಅದು ಬೇಕರಿ. ಇದು ಮದುವಿ."

"ಬುಟ್ಟಿ ಒಂದೇ, ಆಯಿ."

ಆಗ ಆಡಿದಳು ಆ ಮಾತು. "ನೀ ಹೊರಗಿನಾಕಿ. ನಿನಗ ತಿಳ್ಯಾಂಗಿಲ್ಲ."

ಇಷ್ಟು ವರ್ಷದ ನೀರು, ಚಹಾ, ಜ್ವರದ ರಾತ್ರಿಗಳು, ಸುಟ್ಟ ಬೆರಳು, ಎಲ್ಲದರ ಮೇಲೆ ಒಂದೇ ಏಟಿಗೆ ಚಪ್ಪಡಿ ಎಳೆದಂತಾಯಿತು. ಕಣ್ಣೀರು ಬಂದದ್ದನ್ನು ಮುಚ್ಚಿಡಲಿಲ್ಲ. "ಹೊರಗಿನವಳಿಗೇ ಹಿಟ್ಟು ಕೊಟ್ರಲ್ಲ ಆಯಿ, ಒಳಗಿನವರಿಗೆ ಯಾಕೆ ಕೊಡ್ಲಿಲ್ಲ?" ಎಂದು ಕೇಳಿದೆ. ಆಯಿ ಕೋಲು ಹಿಡಿದು ಎದ್ದು ಹೋದಳು.

ಮದುವೆಯ ಹಿಂದಿನ ದಿನ ಪಡಸಾಲೆಯ ನಟ್ಟನಡುವೆ ಬುಟ್ಟಿ ಇಟ್ಟು ಕೂತೆ. ಮೊದಲು ಬಂದದ್ದು ಸಿಸ್ಟರ್. ಒಗೆದ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಅತ್ತೆಯನ್ನು ಜೊತೆಗೆ ಕರೆದುಕೊಂಡು ಓಣಿಯ ನಡುವೆ ನಡೆದು ಬಂದಳು. ಬುಟ್ಟಿಯ ತಳದಲ್ಲಿ ಅವಳ ಕೈಯಿಂದಲೇ ಇಡಿಸಿದೆ. ಇನ್ನು ಬರುವವರು ಅದರ ಮೇಲೆಯೇ ಇಡಬೇಕು.

ಆಮೇಲೆ ಒಬ್ಬೊಬ್ಬರೇ ಬಂದರು, ರೊಟ್ಟಿ ತಂದವರಿಗಿಂತ ಹಿಟ್ಟು ತಿರುಗಿ ತಂದವರೇ ಹೆಚ್ಚು. ಒಬ್ಬಳಿಗೆ ಕೈನೋವು, ಒಬ್ಬಳಿಗೆ ಹಂಚು ಒಡೆದಿದೆ, ಒಬ್ಬಳ ಅತ್ತೆಗೆ ಆರಾಮಿಲ್ಲ. ತಿರುಗಿ ಕೊಟ್ಟರೆ ಏನರ್ಥ ಎಂದು ನನಗೆ ಕಲಿಸಿದವರು ಅವರೇ. ಆಯಿಯ ಚೀಲವನ್ನು ಅವಳ ಸೊಸೆ ತಂದು ಹೊಸಿಲ ಹೊರಗಿಟ್ಟು, ತಲೆ ತಗ್ಗಿಸಿ ಹೋದಳು. ನನ್ನ ಗಂಡ ಆ ಚೀಲಗಳನ್ನೆಲ್ಲ ಒಳಗೆ ತಂದು ಸಾಲಾಗಿ ಇಟ್ಟರು. ನಾಳೆ ಬೀಗರು ಉಣ್ಣಬೇಕು, ಬುಟ್ಟಿ ಅರ್ಧವೂ ತುಂಬಿಲ್ಲ.

"ಅಳೂದ ಆಮ್ಯಾಲ ಮಾಡೋಣ್ರಿ, ಮದಲ ಎಸರ ಇಡ್ರಿ" ಎಂದು ಸಿಸ್ಟರ್ ಸೆರಗು ಸಿಗಿಸಿದಳು. ಬಾಜೂ ಮನೆಯಲ್ಲಿ ಗಾದಿ ಹೊಲಿಯುವ ಕಾಕಾನ ಹೆಂಡತಿ ಚಾಚಿ ತನ್ನ ಪಾಲಿನ ರೊಟ್ಟಿ ಕೊಟ್ಟು ಹೊರಟವಳು, ನಮ್ಮನ್ನು ನೋಡಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದಳು. ಬೇಕರಿಯ ಒಲೆಯ ಮುಂದೆ ಸಿಸ್ಟರ್, ಅವಳ ಅತ್ತೆ, ಚಾಚಿ, ನಾನು ನಾಲ್ವರೂ ಕೂತು, ತಿರುಗಿ ಬಂದ ಹಿಟ್ಟನ್ನೆಲ್ಲ ಬಡಿದು ಮುಗಿಸಿದೆವು. ಕೊನೆಗೆ ನನ್ನ ಗಂಡನೂ ಬಂದು ರೊಟ್ಟಿ ತಿರುವಿ ಹಾಕತೊಡಗಿದರು. "ಅಂಗಡಿ ನಡೀಬೇಕು" ಎಂದವರು ಅವರೇ.

ಮದುವೆ ಚೆನ್ನಾಗಿ ಆಯಿತು. ಅರಸೀಕೆರೆಯವರು ಎಣ್ಣೆಗಾಯಿ ರೊಟ್ಟಿ ಬಡಿಸಿಕೊಂಡು ಬಡಿಸಿಕೊಂಡು ಉಂಡರು. ಓಣಿಯವರೂ ಬಂದು ಅಕ್ಕಿಕಾಳು ಹಾಕಿದರು. ಊಟಕ್ಕೆ ಕೂತವರು ಕೆಲವರು, ಉಪವಾಸ ಎಂದವರು ಹಲವರು. ಆಯಿ ನನ್ನ ಮಗಳನ್ನು ತಬ್ಬಿಕೊಂಡು ಅತ್ತಳು, ಊಟಕ್ಕೆ ಮಾತ್ರ ಕೂಡಲಿಲ್ಲ. ಹೋಗುವಾಗ ಬುಟ್ಟಿಯ ಹತ್ತಿರ ನಿಂತು, "ಎರಡ ರೊಟ್ಟಿ ಕಟ್ಟಿ ಕೊಡ, ಮನ್ಯಾಗ ಉಣ್ತೇನಿ" ಎಂದಳು. ಕಟ್ಟಿ ಕೊಟ್ಟೆ. ಉಂಡಳೋ, ಎಮ್ಮೆಗೆ ಹಾಕಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅದರ ನಂತರ ಓಣಿಯಲ್ಲಿ ನಡೆದ ಮದುವೆಗಳಿಗೆ ನಮ್ಮ ಮನೆಗೆ ಹಿಟ್ಟು ಬರಲಿಲ್ಲ. ಬನ್ನಿಗೆ ಸಾಲು ನಿಲ್ಲುವುದು ತಪ್ಪಲಿಲ್ಲ, ನಲ್ಲಿಗೆ ಕೂಗುವುದೂ ತಪ್ಪಲಿಲ್ಲ. ಹಿಟ್ಟಿನ ಬುಟ್ಟಿ ಮಾತ್ರ ಮತ್ತೆ ನಮ್ಮ ಬಾಗಿಲು ದಾಟಿ ಹೋಗತೊಡಗಿತು. ನೋವಾಗಲಿಲ್ಲ ಎಂದರೆ ಸುಳ್ಳು. ಹಿಟ್ಟು ಹಂಚುವ ದಿನ ಬೇಕೆಂದೇ ಬೇಕರಿಯಲ್ಲಿ ಹೆಚ್ಚು ಹೊತ್ತು ಕೂತಿರುತ್ತಿದ್ದೆ. ಆದರೆ ಎರಡು ಬುಟ್ಟಿ ಇಟ್ಟಿದ್ದರೆ ಚೆನ್ನಾಗಿತ್ತು ಎಂದು ಒಂದು ದಿನವೂ ಅನಿಸಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಿಸ್ಟರ್ ಬಂದಳು, ಎರಡು ಕೈಯಲ್ಲಿ ಎರಡು ಚೀಲ. ಅವಳ ಮೈದುನನ ಮದುವೆ. ಇಷ್ಟು ದಿನ ಅವರ ಮನೆಯ ಕಾರ್ಯಕ್ಕೆ ಘೋಡಗೇರಿಯಿಂದ ತವರಿನ ಹೆಂಗಸರು ಬಂದು ರೊಟ್ಟಿ ಬಡಿದು ಹೋಗುತ್ತಿದ್ದರು. ಆ ಮನೆಯಿಂದ ಓಣಿಗೆ ಹಿಟ್ಟು ಹೊರಟದ್ದು ಇದೇ ಮೊದಲು. ಒಂದು ಚೀಲ ನನ್ನ ಮುಂದೆ ಇಟ್ಟಳು.

"ಇನ್ನೊಂದು?" ಎಂದು ಕೇಳಿದೆ.

"ಆಯಿ ಮನಿಗೆ."

ನಾನು ಚಪ್ಪಲಿ ಹುಡುಕತೊಡಗಿದೆ. "ಇರಿ, ನಾನೂ ಬರ್ತೀನಿ."

"ಬ್ಯಾಡ್ರಿ ಅಕ್ಕಾ" ಎಂದಳು ಅವಳು. ದನಿ ಮೆತ್ತಗಿತ್ತು, ಆದರೆ ಅದರಲ್ಲಿ ಎರಡನೆಯ ಮಾತಿಗೆ ಜಾಗವಿರಲಿಲ್ಲ. "ನೀವು ನಿಮ್ಮ ಸಲುವಾಗಿ ನಡದ್ರಿ. ಇದು ನನ್ನ ನಡಿಗಿ. ಓಣಿ ನಂದ ಐತಿ."

ಹೊಸಿಲಲ್ಲಿ ನಿಂತು ನೋಡಿದೆ. ಅವಳು ಬಿಸಿಲಿನಲ್ಲಿ ನೆಟ್ಟಗೆ ನಡೆದುಹೋಗಿ ಆಯಿಯ ಕಟ್ಟೆಯ ಮುಂದೆ ನಿಂತಳು. ಆಯಿ ತಲೆ ಎತ್ತಿದಳು. ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ತಿರುಗಿ ಬರುವಾಗ ಅವಳ ಎರಡೂ ಕೈ ಖಾಲಿ ಇದ್ದವು.

"ಏನಂದ್ರು?"

"'ಎಂದಿಗೆ ಬೇಕ?' ಅಂದ್ರು" ಎಂದಳು ಸಿಸ್ಟರ್. "'ಗುರುವಾರ' ಅಂದೆ."